ಎಡಿಟಿಂಗಿಗೂ ಗೇಮಿಗೂ ಒಂದೇ ಕಂಪ್ಯೂಟರ್: ಮೊದಲ ಸಲ ಜೋಡಿಸುವವರು ಯಾವ ಭಾಗ ಆರಿಸಬೇಕು?

ಕಂಪ್ಯೂಟರನ್ನು ಮೊದಲ ಸಲ ಕೈಯಾರೆ ಜೋಡಿಸಲು ಹೊರಟವರ ಗೊಂದಲ ಹೆಚ್ಚುಕಡಿಮೆ ಒಂದೇ ಬಗೆಯದು. ಕೋರ್ (ಲೆಕ್ಕ ಮಾಡುವ ಘಟಕ) ಹೆಚ್ಚಿರುವ ಪ್ರೊಸೆಸರ್ ಕೊಂಡರೆ ವಿಡಿಯೋ ಎಡಿಟಿಂಗ್ ಸಲೀಸು ಎನ್ನುತ್ತಾರೆ, ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಹೆಚ್ಚಿರುವುದನ್ನು ಕೊಂಡರೆ ಗೇಮ್ ಸಲೀಸು ಎನ್ನುತ್ತಾರೆ. ಎರಡೂ ಬೇಕಾದವರು ಏನು ಮಾಡಬೇಕು? ಗ್ರಾಫಿಕ್ಸ್ ಕಾರ್ಡಿಗೆ 12 ಜಿಬಿ ಮೆಮೊರಿ ಸಾಕೇ, 16 ಬೇಕೇ? ಈಗ 32 ಜಿಬಿ ರ‍್ಯಾಮ್ ಹಾಕಿ ಆಮೇಲೆ ಹೆಚ್ಚಿಸಿಕೊಂಡರಾಯಿತೇ?

ಈ ಎರಡು ಕೆಲಸಗಳು ಒಂದಕ್ಕೊಂದು ಅಡ್ಡ ಬರುವುದು ಎರಡು ಮೂರು ಭಾಗಗಳಲ್ಲಿ ಮಾತ್ರ. ಮಿಕ್ಕ ಕಡೆ ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೂ ಒಳ್ಳೆಯದೇ. ಅಡ್ಡ ಬರುವ ಆ ಎರಡು ಮೂರು ಕಡೆ ಯಾವುದನ್ನು ಆರಿಸಬೇಕು ಎಂಬುದನ್ನು ಬೆಂಚ್‌ಮಾರ್ಕ್ ಪಟ್ಟಿಗಳು ಹೇಳಲಾರವು. ನೀವು ಕತ್ತರಿಸುವ ಫೈಲು ಯಾವುದು, ಆಡುವ ಪರದೆ ಯಾವುದು ಎಂಬ ಎರಡು ಸಂಗತಿಗಳೇ ಅದನ್ನು ಹೇಳಬೇಕು.

ಕೊಳ್ಳುವ ಮೊದಲು ತಿಳಿದಿರಬೇಕಾದ್ದು

ಮೊದಲು ಫೈಲು. ನಿಮ್ಮ ಕ್ಯಾಮೆರಾ ಅಥವಾ ಫೋನಿನಲ್ಲಿ ತೆಗೆದ ಒಂದು ವಿಡಿಯೋವನ್ನು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಮೂರು ಸಾಲು ಬರೆದುಕೊಳ್ಳಿ: ಕೊಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸಿಟ್ಟ ವಿಧಾನ, ಯಾವುದು (ಎಚ್.264, ಎಚ್.265 ಅಥವಾ ಪ್ರೋರೆಸ್), ಬಿಟ್ ಡೆಪ್ತ್ (ಬಣ್ಣದ ಮಟ್ಟಗಳ ಸೂಕ್ಷ್ಮತೆ) 8 ಇದೆಯೋ 10 ಇದೆಯೋ, ಕ್ರೋಮಾ (ಬಣ್ಣದ ವಿವರ ಎಷ್ಟು ಉಳಿದಿದೆ ಎಂಬುದು) 4:2:0 ಇದೆಯೋ 4:2:2 ಇದೆಯೋ. ಈ ಮೂರು ಸಾಲು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಆಯ್ಕೆಯನ್ನು ಅರ್ಧ ಮುಗಿಸಿಬಿಡುತ್ತವೆ.

ಕಾರಣ ಇಷ್ಟೇ. ಎಚ್.264, ಎಚ್.265 ಫೈಲುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್, ನಡುವೆ ಬರೀ ಬದಲಾವಣೆಯ ವಿವರ. ನೇರವಾಗಿ ನೋಡುತ್ತಾ ಹೋಗುವಾಗ ಇದು ಹಗುರ. ಆದರೆ ಟೈಮ್‌ಲೈನಿನಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆದಾಡಿದಾಗ ಒಂದು ಫ್ರೇಮ್ ತೋರಿಸಲು ಹಿಂದಿನ ಹತ್ತಾರು ಫ್ರೇಮ್ ಬಿಡಿಸಬೇಕಾಗುತ್ತದೆ. ಈ ಬಿಡಿಸುವ (ಡಿಕೋಡ್) ಕೆಲಸಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ನಿಮ್ಮ ಫೈಲಿನ ಬಗೆ ಆ ಸರ್ಕ್ಯೂಟಿಗೆ ತಿಳಿದಿದ್ದರೆ ಸಾಧಾರಣ ಯಂತ್ರದಲ್ಲೂ ಎಡಿಟಿಂಗ್ ನೀರಿನಂತೆ ಹರಿಯುತ್ತದೆ. ತಿಳಿಯದಿದ್ದರೆ ಇಡೀ ಹೊರೆ ಪ್ರೊಸೆಸರಿನ ಕೋರ್‌ಗಳ ಮೇಲೆ ಬಿದ್ದು, ದುಬಾರಿ ಯಂತ್ರವೂ ತಡವರಿಸುತ್ತದೆ.

ಎರಡನೆಯದು ತಂತ್ರಾಂಶ. ಎಡಿಟಿಂಗ್ ತಂತ್ರಾಂಶಗಳಲ್ಲಿ ಡಾವಿಂಚಿ ರಿಸಾಲ್ವ್ ಹೆಚ್ಚಿನ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುತ್ತದೆ. ಪ್ರೀಮಿಯರ್ ಪ್ರೊ ಪ್ರೊಸೆಸರನ್ನೂ ಡಿಕೋಡ್ ಸರ್ಕ್ಯೂಟನ್ನೂ ಹೆಚ್ಚು ನೆಚ್ಚಿಕೊಳ್ಳುತ್ತದೆ. ಎಫೆಕ್ಟ್, ಅನಿಮೇಷನ್ ಮಾಡುವ ಆಫ್ಟರ್ ಎಫೆಕ್ಟ್ಸ್‌ಗೆ ರ‍್ಯಾಮ್ ಎಷ್ಟಿದ್ದರೂ ಬೇಕು. ರಿಸಾಲ್ವಿನ ಉಚಿತ ಆವೃತ್ತಿ 3840×2160 ಅಳತೆ ಮತ್ತು ಸೆಕೆಂಡಿಗೆ 60 ಫ್ರೇಮ್ ದಾಟುವುದಿಲ್ಲ. ಅದರ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳನ್ನು ತೆಗೆಯುವ ಸೌಲಭ್ಯ) ಹಣ ಕೊಟ್ಟ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ ಇದೆ. ಲಿನಕ್ಸಿನಲ್ಲಿ ಉಚಿತ ಆವೃತ್ತಿ ಎಚ್.264, ಎಚ್.265 ಫೈಲುಗಳನ್ನು ತೆರೆಯುವುದೇ ಇಲ್ಲ. ಹಾರ್ಡ್‌ವೇರ್ ಆರಿಸುವ ಮೊದಲೇ ಇದು ಗೊತ್ತಿದ್ದರೆ ಆಮೇಲೆ ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ.

ಮೂರನೆಯದು ಮಾನಿಟರ್. 1080ಪಿ, 1440ಪಿ, 4ಕೆ ಈ ಮೂರರಲ್ಲಿ ಯಾವುದು, ಎಷ್ಟು ಹರ್ಟ್ಸ್ (ಸೆಕೆಂಡಿಗೆ ಪರದೆ ಎಷ್ಟು ಸಲ ಬದಲಾಗುತ್ತದೆ)? 1080ಪಿಯಲ್ಲಿ 240 ಹರ್ಟ್ಸ್ ಬಯಸುವವರಿಗೆ ಪ್ರೊಸೆಸರೇ ಗೆಲ್ಲಿಸಬೇಕು. 4ಕೆಯಲ್ಲಿ 60 ಹರ್ಟ್ಸ್ ಸಾಕೆನ್ನುವವರಿಗೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅಲ್ಲಿ ಪ್ರೊಸೆಸರುಗಳ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ನಾಲ್ಕನೆಯದು, ನಿಮ್ಮನ್ನು ನಿಜವಾಗಿ ಕಾಡುವುದು ಯಾವುದು ಎಂಬುದು. ಎಡಿಟ್ ಮಾಡುವಾಗ ಟೈಮ್‌ಲೈನ್ ತಡವರಿಸುವುದೋ, ಎಕ್ಸ್‌ಪೋರ್ಟಿಗೆ ಕಾಯುವುದೋ? ವಾರಕ್ಕೊಂದು ವಿಡಿಯೋ ಮಾಡುವವರಿಗೆ ಎಕ್ಸ್‌ಪೋರ್ಟ್ 12 ನಿಮಿಷವಾದರೇನು, 8 ನಿಮಿಷವಾದರೇನು? ಆದರೆ ತಡವರಿಸುವ ಟೈಮ್‌ಲೈನ್ ಕೆಲಸ ಮಾಡುವ ಮನಸ್ಸನ್ನೇ ಕೊಲ್ಲುತ್ತದೆ. ಮೊದಲ ಸಲ ಜೋಡಿಸುವವರು ಎಕ್ಸ್‌ಪೋರ್ಟ್ ವೇಗದ ಪಟ್ಟಿ ನೋಡಿ ಹಣ ಸುರಿಯುವುದು ಬೇಡ.

ಪ್ರೊಸೆಸರ್: ಇಲ್ಲೇ ನಿಜವಾದ ತಿಕ್ಕಾಟ

*6ರಿಂದ 8 ಕೋರಿನ ಸಾಮಾನ್ಯ ಚಿಪ್ಪುಗಳು.* ಎಎಮ್‌ಡಿಯ ರೈಜೆನ್ 5 9600ಎಕ್ಸ್ (6 ಕೋರ್, 12 ಥ್ರೆಡ್, ಅಂದರೆ ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ರೈಜೆನ್ 7 7700 (8 ಕೋರ್, 16 ಥ್ರೆಡ್) ಈ ಸಾಲಿನವು. 65 ವ್ಯಾಟ್ ವರ್ಗದವಾದ್ದರಿಂದ ತಂಪಾಗಿಡಲು ದೊಡ್ಡ ಕೂಲರ್ ಬೇಡ, ಬಲವಾದ ಮದರ್‌ಬೋರ್ಡೂ ಬೇಡ. 1080ಪಿ ಎಡಿಟಿಂಗ್, ಫೋನಿನ 4ಕೆ 4:2:0 ಫೈಲು, 1440ಪಿ ಗೇಮು ಇವೆಲ್ಲ ಇವುಗಳಲ್ಲಿ ಸುಖವಾಗಿ ನಡೆಯುತ್ತವೆ. ಇಲ್ಲಿ ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

*ಹೆಚ್ಚುವರಿ ಕ್ಯಾಶ್ ಇರುವ 8 ಕೋರ್ ಚಿಪ್ಪುಗಳು.* ರೈಜೆನ್ 7 7800ಎಕ್ಸ್3ಡಿ ಮತ್ತು 9800ಎಕ್ಸ್3ಡಿ. ಎರಡರಲ್ಲೂ 96 ಎಂಬಿ ಎಲ್3 ಕ್ಯಾಶ್ ಇದೆ. ಗೇಮ್ ಮತ್ತೆಮತ್ತೆ ಕೇಳುವ ಮಾಹಿತಿ ರ‍್ಯಾಮಿನವರೆಗೆ ಹೋಗದೆ ಅಲ್ಲೇ ಸಿಗುವುದರಿಂದ ಫ್ರೇಮ್‌ಗಳು ಏರುಪೇರಿಲ್ಲದೆ ಬರುತ್ತವೆ. ಆದರೆ ಎಕ್ಸ್‌ಪೋರ್ಟ್, ರೆಂಡರಿಂಗ್‌ಗೆ ಈ ಕ್ಯಾಶಿನಿಂದ ದೊಡ್ಡ ಲಾಭವಿಲ್ಲ. ಅಲ್ಲಿ ಇದು ಇನ್ನೊಂದು 8 ಕೋರ್ ಚಿಪ್ಪು, ಅಷ್ಟೇ. ದಿನದ ಹೆಚ್ಚು ಹೊತ್ತು ವೇಗದ ಸ್ಪರ್ಧಾತ್ಮಕ ಗೇಮುಗಳಲ್ಲಿ ಕಳೆದು, ಎಡಿಟಿಂಗ್ ಬಿಡುವಿನ ಕೆಲಸವಾಗಿರುವವರಿಗೆ ಹೇಳಿಮಾಡಿಸಿದ್ದು. 4ಕೆಯಲ್ಲಿ ಮಾತ್ರ ಆಡುವವರು ಇದಕ್ಕೆ ಹೆಚ್ಚು ತೆತ್ತು ಕಾರ್ಡಿನಲ್ಲಿ ಇಳಿದರೆ ಅದು ತಲೆಕೆಳಗಾದ ಲೆಕ್ಕ.

*12ರಿಂದ 20 ಕೋರಿನವು.* ರೈಜೆನ್ 9 9900ಎಕ್ಸ್ (12 ಕೋರ್, 24 ಥ್ರೆಡ್), ರೈಜೆನ್ 9 9950ಎಕ್ಸ್ (16 ಕೋರ್), ಇಂಟೆಲ್ ಕೋರ್ ಅಲ್ಟ್ರಾ 7 265ಕೆ (8 ದೊಡ್ಡ, 12 ಸಣ್ಣ ಕೋರ್). ಉದ್ದನೆಯ ವಿಡಿಯೋ, ಪದರ ಪದರವಾದ ಎಫೆಕ್ಟ್, ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಇವಕ್ಕೆ ಇಲ್ಲಿ ಕೋರ್ ಲೆಕ್ಕ ಕಣ್ಣಿಗೆ ಕಾಣುತ್ತದೆ. ಗೇಮಿನಲ್ಲಿ ಎಕ್ಸ್3ಡಿ ಚಿಪ್ಪುಗಳಿಗಿಂತ ಹಿಂದೆ, ಆದರೆ 1440ಪಿ ದಾಟಿದ ಮೇಲೆ ಆ ಹಿಂದುಳಿಕೆಯನ್ನು ಗುರುತಿಸುವುದು ಕಷ್ಟ.

ಈಗ ಫೈಲಿನ ಪ್ರಶ್ನೆಗೆ ಬನ್ನಿ. ನಿಮ್ಮ ಫೈಲು ಎಚ್.265, 10 ಬಿಟ್, 4:2:2 ಆಗಿದ್ದರೆ ಲೆಕ್ಕವೇ ಬೇರೆ. ಮಿರರ್‌ಲೆಸ್ ಕ್ಯಾಮೆರಾ ಕೊಂಡವರಲ್ಲಿ ಹಲವರು ಬಳಸುವುದು ಇದನ್ನೇ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಚಿಪ್ಪುಗಳ ಒಳಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಎಂಬ ಡಿಕೋಡ್ ಸರ್ಕ್ಯೂಟ್ ಈ ಬಗೆಯನ್ನು ಬಿಡಿಸಬಲ್ಲದು. ರೈಜೆನ್ 7000 ಮತ್ತು 9000 ಸರಣಿಯ ಪುಟ್ಟ ಒಳಗ್ರಾಫಿಕ್ಸಿಗೆ ಆಗದು. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯವರೆಗಿನ ಯಾವ ಕಾರ್ಡಿಗೂ ಆಗದು. ಆರ್‌ಟಿಎಕ್ಸ್ 50 ಸರಣಿಯಲ್ಲಿ ಎಚ್.264, ಎಚ್.265 ಎರಡರ 4:2:2 ಡಿಕೋಡೂ ಬಂದಿದೆ. ಹಾಗಾಗಿ 4:2:2 ಇರುವವರಿಗೆ ಎರಡು ದಾರಿ: ಇಂಟೆಲ್ ಪ್ರೊಸೆಸರ್ ಜೊತೆಗೆ ಇಷ್ಟವಾದ ಕಾರ್ಡು, ಅಥವಾ ಇಷ್ಟವಾದ ಪ್ರೊಸೆಸರ್ ಜೊತೆಗೆ ಆರ್‌ಟಿಎಕ್ಸ್ 50 ಸರಣಿ ಇಲ್ಲವೇ ಇಂಟೆಲ್ ಆರ್ಕ್ ಕಾರ್ಡು. ಇಂಟೆಲ್ ದಾರಿ ಹಿಡಿದರೆ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಚಿಪ್ಪನ್ನು ಕೊಳ್ಳಬೇಡಿ. ಸ್ವಲ್ಪ ಅಗ್ಗ ಎಂದು ಅದನ್ನು ಎತ್ತಿಕೊಂಡರೆ ಒಳಗ್ರಾಫಿಕ್ಸೇ ಇರುವುದಿಲ್ಲ, ಕ್ವಿಕ್ ಸಿಂಕೂ ಇಲ್ಲ. ಇನ್ನೊಂದು ಮಾತು: ಕಾರ್ಡು ಹಾಕಿದೊಡನೆ ಎಷ್ಟೋ ಬೋರ್ಡುಗಳು ಒಳಗ್ರಾಫಿಕ್ಸನ್ನು ತಾವೇ ಮುಚ್ಚಿಬಿಡುತ್ತವೆ. ಬಯಾಸ್‌ಗೆ (ಯಂತ್ರ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಹೋಗಿ ಅದನ್ನು ತೆರೆದಿಡಬೇಕು.

ಇಂಟೆಲ್‌ನ ಹಿಂದಿನ ಎಲ್‌ಜಿಎ 1700 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೋರ್ ಐ5 14600ಕೆ (14 ಕೋರ್), ಐ7 14700ಕೆ (20 ಕೋರ್) ಇನ್ನೂ ಆಸೆ ಹುಟ್ಟಿಸುತ್ತವೆ. ಕ್ವಿಕ್ ಸಿಂಕ್ ಇದೆ, ಗೇಮೂ ಚೆನ್ನ, ಹಳೆಯ ಡಿಡಿಆರ್4 ರ‍್ಯಾಮ್ ಕೈಯಲ್ಲಿದ್ದರೆ ಅದನ್ನು ಒಪ್ಪುವ ಬೋರ್ಡೂ ಸಿಗುತ್ತದೆ. ಎರಡು ಎಚ್ಚರಿಕೆ ಇರಲಿ. ಆ ಸಾಕೆಟ್ಟಿನಲ್ಲಿ ಮುಂದೆ ಹೋಗಲು ದಾರಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಅತಿಯಾದ ವೋಲ್ಟೇಜಿನಿಂದ ಕ್ರಮೇಣ ಹಾಳಾಗುತ್ತಿದ್ದುದನ್ನು ಇಂಟೆಲ್ ಒಪ್ಪಿಕೊಂಡು, 2024ರಲ್ಲಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಹೊಸದನ್ನು ಕೊಂಡರೆ ಮೊದಲ ಕೆಲಸ ಆ ತಿದ್ದುಪಡಿ ತರುವ ಬಯಾಸ್ ಅಪ್‌ಡೇಟ್. ಬಳಸಿದ ಚಿಪ್ಪನ್ನು ಕೊಳ್ಳುವುದು ಬೇಡವೇ ಬೇಡ. ಒಮ್ಮೆ ಹಾಳಾದದ್ದನ್ನು ಅಪ್‌ಡೇಟ್ ಸರಿಪಡಿಸುವುದಿಲ್ಲ.

16 ಕೋರೂ ಹೆಚ್ಚುವರಿ ಕ್ಯಾಶೂ ಒಟ್ಟಿಗೇ ಬೇಕೆನ್ನುವವರಿಗೆ ರೈಜೆನ್ 9 9950ಎಕ್ಸ್3ಡಿ ಇದೆ. ಅದರಲ್ಲಿ ಆ ಕ್ಯಾಶ್ ಎರಡು ಗುಂಪುಗಳ ಪೈಕಿ ಒಂದರ 8 ಕೋರ್‌ಗಳಿಗೆ ಮಾತ್ರ. ಗೇಮ್ ಸರಿಯಾದ ಗುಂಪಿನಲ್ಲಿ ಓಡಬೇಕಾದರೆ ಎಎಮ್‌ಡಿ ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸ್ ಗೇಮ್ ಬಾರ್ ಎರಡೂ ಸರಿಯಾಗಿರಬೇಕು. ಎಡಿಟಿಂಗಿನಿಂದಲೇ ಹಣ ದುಡಿಯುವವರ ಹೊರತು ಉಳಿದವರಿಗೆ ಇಷ್ಟು ಖರ್ಚು ಬೇಕಿಲ್ಲ.

ಗ್ರಾಫಿಕ್ಸ್ ಕಾರ್ಡ್: ವೇಗ ಒಂದು, ಮೆಮೊರಿ ಇನ್ನೊಂದು

ಕಾರ್ಡಿನ ವೇಗ ಕಡಿಮೆಯಿದ್ದರೆ ಕೆಲಸ ನಿಧಾನವಾಗುತ್ತದೆ. ಮೆಮೊರಿ ಕಡಿಮೆಯಿದ್ದರೆ ಕೆಲಸ ನಿಂತೇ ಹೋಗುತ್ತದೆ. ರಿಸಾಲ್ವಿನಲ್ಲಿ 4ಕೆ ಟೈಮ್‌ಲೈನಿಗೆ ನಾಯ್ಸ್ ರಿಡಕ್ಷನ್ ಹಾಕಿ, ಮೇಲೊಂದು ಎಫೆಕ್ಟ್ ಏರಿಸಿದಾಗ 8 ಜಿಬಿ ಕಾರ್ಡು ‘ಜಿಪಿಯು ಮೆಮೊರಿ ತುಂಬಿದೆ’ ಎಂದು ಎಕ್ಸ್‌ಪೋರ್ಟನ್ನು ಅರ್ಧಕ್ಕೆ ಕೈಬಿಡಬಹುದು. ಗೇಮಿನಲ್ಲಾದರೆ ಗೋಡೆ, ನೆಲಗಳ ಚಿತ್ರ ಮಸುಕಾಗಿ ಉಳಿಯುತ್ತದೆ, ಇಲ್ಲವೇ ನಡುನಡುವೆ ಜರ್ಕ್ ಹೊಡೆಯುತ್ತದೆ. ಎರಡೂ ಕೆಲಸಕ್ಕೆ ಹೊಸದಾಗಿ ಕೊಳ್ಳುವವರು 8 ಜಿಬಿಯನ್ನು ಬಿಟ್ಟು 12ರಿಂದ ಶುರು ಮಾಡುವುದೇ ಸರಿ.

ಅತಿ ಹೆಚ್ಚು ಜನ ತೂಗಾಡುವುದು ಆರ್‌ಟಿಎಕ್ಸ್ 5060 ಟಿಐ 16 ಜಿಬಿ ಮತ್ತು ಆರ್‌ಟಿಎಕ್ಸ್ 5070 12 ಜಿಬಿ ನಡುವೆ. ಮೊದಲನೆಯದರ ಮೆಮೊರಿ ಹಾದಿ 128 ಬಿಟ್, ಸೆಕೆಂಡಿಗೆ 448 ಜಿಬಿ. ಎರಡನೆಯದರದು 192 ಬಿಟ್, 672 ಜಿಬಿ. ಕೋರ್‌ಗಳೂ 4608ರ ಬದಲು 6144. ಗೇಮಿನಲ್ಲಿ 5070 ಸ್ಪಷ್ಟವಾಗಿ ಮುಂದೆ. 4ಕೆ ಟೈಮ್‌ಲೈನಿನಲ್ಲಿ ನಾಯ್ಸ್ ರಿಡಕ್ಷನ್, ಎಐ ಆಧಾರಿತ ಮಾಸ್ಕ್, ಬ್ಲೆಂಡರ್ ದೃಶ್ಯ ಇವನ್ನು ಬಳಸುವವರಿಗೆ 5060 ಟಿಐನ 16 ಜಿಬಿ ನೆಮ್ಮದಿ ಕೊಡುತ್ತದೆ: ನಿಧಾನವಾದರೂ ಮುಗಿಸುತ್ತದೆ. ಬರೀ ಕಟಿಂಗ್, ಬಣ್ಣ ತಿದ್ದುವುದು, ಹೆಸರು ಹಾಕುವುದು ಇಷ್ಟೇ ಆದರೆ 5070 ಆರಿಸಿ. 5060 ಟಿಐ ಹೆಸರಿನಲ್ಲೇ 8 ಜಿಬಿಯ ಕಾರ್ಡೂ ಇದೆ. ಪೆಟ್ಟಿಗೆಯ ಮೇಲಿನ ಅಂಕೆಯನ್ನು ಎರಡು ಸಲ ಓದಿ.

ಎಎಮ್‌ಡಿಯ ಆರ್‌ಎಕ್ಸ್ 9070 ಮತ್ತು 9070 ಎಕ್ಸ್‌ಟಿ ಎರಡರಲ್ಲೂ 16 ಜಿಬಿ, 256 ಬಿಟ್ ಹಾದಿ. ಗೇಮೇ ಮುಖ್ಯ, ಫೈಲು 4:2:0, ರಿಸಾಲ್ವ್‌ನಲ್ಲಿ ಕೆಲಸ ಎನ್ನುವವರು ಇವನ್ನು ಧೈರ್ಯವಾಗಿ ಕೊಳ್ಳಬಹುದು. ಆದರೆ ಎನ್‌ವಿಡಿಯಾದ ಕುಡಾ ವ್ಯವಸ್ಥೆ ಇಲ್ಲದೆ ನಡೆಯದ ಪ್ಲಗ್‌ಇನ್‌ಗಳು, ರೆಂಡರ್ ಎಂಜಿನ್‌ಗಳು ಕೆಲವಿವೆ. ನೀವು ಬಳಸುವ ಪ್ಲಗ್‌ಇನ್ ಪಟ್ಟಿಯಲ್ಲಿ ಅಂಥದ್ದೊಂದು ಇದ್ದರೂ ಎನ್‌ವಿಡಿಯಾ ಬಿಟ್ಟು ಬೇರೆ ದಾರಿಯಿಲ್ಲ.

ಬಿಗಿ ಬಜೆಟ್ಟಿಗೆ ಎರಡು ಆಯ್ಕೆ ಗಮನಿಸಿ. ಇಂಟೆಲ್ ಆರ್ಕ್ ಬಿ580 ಕಾರ್ಡಿಗೆ 12 ಜಿಬಿ ಮೆಮೊರಿ ಇದೆ, ಎಚ್.265 4:2:2 ಡಿಕೋಡೂ ಇದೆ. ಎಡಿಟಿಂಗ್ ಮುಖ್ಯವಾದವರಿಗೆ ಇದು ತೂಕಕ್ಕೆ ಮೀರಿದ ಕಾರ್ಡು. ಆದರೆ ಬಯಾಸಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೇ ಬಳಸಲು ಬಿಡುವ ಸೆಟ್ಟಿಂಗ್) ತೆರೆಯದೆ ಇದ್ದರೆ ವೇಗ ಪಾತಾಳಕ್ಕೆ ಇಳಿಯುತ್ತದೆ, ಹಾಗಾಗಿ ಹಳೆಯ ಬೋರ್ಡಿಗೆ ಇದನ್ನು ಸಿಕ್ಕಿಸಬೇಡಿ. ಬಳಸಿದ ಆರ್‌ಟಿಎಕ್ಸ್ 3060 12 ಜಿಬಿ ಇನ್ನೊಂದು ಆಯ್ಕೆ. ಎವಿ1 ಎಂಬ ಹೊಸ ಕೊಡೆಕ್ಕಿನ ಫೈಲನ್ನು ತೋರಿಸಬಲ್ಲದು, ಎವಿ1ಗೆ ಎಕ್ಸ್‌ಪೋರ್ಟ್ ಮಾಡಲಾರದು. ಆರ್‌ಟಿಎಕ್ಸ್ 40, ಆರ್‌ಎಕ್ಸ್ 7000 ಮತ್ತು ಆರ್ಕ್ ಕಾರ್ಡುಗಳಿಂದ ಈಚೆಗೆ ಎರಡೂ ಆಗುತ್ತವೆ.

ರ‍್ಯಾಮ್: ಆಮೇಲೆ ಸೇರಿಸೋಣ ಎನ್ನುವ ತಪ್ಪು

ಆಫ್ಟರ್ ಎಫೆಕ್ಟ್ಸ್ ಯಾಕೆ ಇಷ್ಟು ರ‍್ಯಾಮ್ ನುಂಗುತ್ತದೆ ಎಂದು ಒಂದು ಲೆಕ್ಕ ಹಾಕಿ. 4ಕೆಯ ಒಂದು ಫ್ರೇಮಿನಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೆ ನಾಲ್ಕು ಚಾನೆಲ್, 16 ಬಿಟ್ಟಿನಲ್ಲಿ ಚಾನೆಲಿಗೆ 2 ಬೈಟ್. ಒಂದು ಫ್ರೇಮಿಗೆ 66 ಎಂಬಿ, 30 ಫ್ರೇಮಿನ ಒಂದು ಸೆಕೆಂಡಿಗೆ ಸುಮಾರು 2 ಜಿಬಿ. ಹತ್ತು ಸೆಕೆಂಡಿನ ಪ್ರಿವ್ಯೂ ಇಟ್ಟುಕೊಳ್ಳಲು 20 ಜಿಬಿ! 1080ಪಿಯಲ್ಲಾದರೆ ಇದರ ಕಾಲು ಭಾಗ ಸಾಕು.

ಗೇಮು ಮತ್ತು 1080ಪಿ ಎಡಿಟಿಂಗಿಗೆ 32 ಜಿಬಿ ಸಾಕು. 4ಕೆ ಜೊತೆಗೆ ಆಫ್ಟರ್ ಎಫೆಕ್ಟ್ಸ್ ಅಥವಾ ರಿಸಾಲ್ವಿನ ಫ್ಯೂಷನ್ (ಎಫೆಕ್ಟ್ ವಿಭಾಗ) ಇದ್ದರೆ 64. ಇಲ್ಲೊಂದು ಬಲೆ ಇದೆ. ಈಗ 16ರ ಎರಡು ಕಡ್ಡಿ, ಮುಂದಿನ ವರ್ಷ ಇನ್ನೆರಡು ಎಂಬ ಯೋಜನೆ ಡಿಡಿಆರ್4 ಕಾಲಕ್ಕೆ ನಡೆಯುತ್ತಿತ್ತು. ಡಿಡಿಆರ್5ರಲ್ಲಿ ನಾಲ್ಕು ಕಡ್ಡಿ ಹಾಕಿದರೆ ವೇಗ ಕುಸಿಯುತ್ತದೆ. ರೈಜೆನ್ 9000 ಸರಣಿಗೆ ಎಎಮ್‌ಡಿ ಹೇಳಿರುವ ಅಧಿಕೃತ ವೇಗ ಎರಡು ಕಡ್ಡಿಗೆ 5600, ನಾಲ್ಕಕ್ಕೆ 3600. ಬೇರೆ ಬೇರೆ ಸಮಯದಲ್ಲಿ ಕೊಂಡ ಜೋಡಿಗಳು ಹೊಂದದೆ ಯಂತ್ರ ಶುರುವಾಗದೇ ಇರುವುದೂ ಉಂಟು. 64 ಬೇಕಾದೀತು ಎಂದು ಅನ್ನಿಸಿದರೆ ಮೊದಲೇ 32ರ ಎರಡು ಕಡ್ಡಿಯ ಜೋಡಿ ಕೊಳ್ಳಿ.

ಎಎಮ್5 (ರೈಜೆನ್ 7000, 9000ದ ಸಾಕೆಟ್) ಬೋರ್ಡಿಗೆ ಡಿಡಿಆರ್5 6000, ಸಿಎಲ್30 (ಉತ್ತರಿಸುವ ವಿಳಂಬದ ಅಂಕೆ), ಎಕ್ಸ್‌ಪೋ (ಆ ವೇಗವನ್ನು ಹೊಂದಿಸುವ ಸೆಟ್ಟಿಂಗ್) ಇರುವ ಜೋಡಿ ಹದವಾದದ್ದು. ಅದಕ್ಕಿಂತ ವೇಗದ್ದಕ್ಕೆ ಹೆಚ್ಚು ಕೊಟ್ಟರೂ ಸಿಗುವ ಲಾಭ ಅತ್ಯಲ್ಪ.

ಸ್ಟೋರೇಜ್: ವೇಗದ ಅಂಕೆಗಿಂತ ವಿಂಗಡಣೆ ಮುಖ್ಯ

ಕ್ಯಾಮೆರಾದ 4ಕೆ ಫೈಲು ಸೆಕೆಂಡಿಗೆ 100 ಮೆಗಾಬಿಟ್ ಇದ್ದರೆ ಅದು 12.5 ಎಂಬಿ, ಗಂಟೆಗೆ 45 ಜಿಬಿ. ಇದನ್ನು ಓದಲು ಸೆಕೆಂಡಿಗೆ 550 ಎಂಬಿ ಕೊಡುವ ಸಾಟಾ ಎಸ್‌ಎಸ್‌ಡಿಯೂ ಧಾರಾಳ. ಅದೇ ದೃಶ್ಯ 4ಕೆ, 30 ಫ್ರೇಮಿನ ಪ್ರೋರೆಸ್ 422 ಎಚ್‌ಕ್ಯೂ ಆಗಿದ್ದರೆ 884 ಮೆಗಾಬಿಟ್, ಗಂಟೆಗೆ ಸುಮಾರು 400 ಜಿಬಿ. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ ಸೆಕೆಂಡಿಗೆ 330 ಎಂಬಿ. ಹಾರ್ಡ್ ಡಿಸ್ಕ್ ಇಲ್ಲಿ ಸೋಲುತ್ತದೆ, ಪಿಸಿಐಇ 4.0 ಎನ್‌ವಿಎಂಇ ಎಸ್‌ಎಸ್‌ಡಿಗೆ ಇದು ಲೆಕ್ಕಕ್ಕೇ ಇಲ್ಲ. ಹೀಗಾಗಿ ಸೆಕೆಂಡಿಗೆ 14,000 ಎಂಬಿ ಎನ್ನುವ ಪಿಸಿಐಇ 5.0 ಡ್ರೈವಿಗೆ ಹಣ ಸುರಿಯಬೇಡಿ. ಅದು ಬಿಸಿಯಾಗುತ್ತದೆ, ಬೆಲೆ ಹೆಚ್ಚು, ಎಡಿಟಿಂಗಿನಲ್ಲಿ ವ್ಯತ್ಯಾಸವೇ ತಿಳಿಯದು.

ಅಗ್ಗದ ಡ್ರೈವುಗಳಲ್ಲಿ ನೋಡಬೇಕಾದ್ದು ಒಂದು ಕೋಶದಲ್ಲಿ 3 ಬಿಟ್ ಇಡುವ ಟಿಎಲ್‌ಸಿಯೋ 4 ಬಿಟ್ ಇಡುವ ಕ್ಯೂಎಲ್‌ಸಿಯೋ ಎಂಬುದು. ಕ್ಯೂಎಲ್‌ಸಿ ಡ್ರೈವ್ ಮೊದಲ ಒಂದಷ್ಟು ಜಿಬಿಯನ್ನು ವೇಗವಾಗಿ ಬರೆದು, ಆ ತಾತ್ಕಾಲಿಕ ಜಾಗ ತುಂಬಿದ ಮೇಲೆ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯಬಹುದು. 300 ಜಿಬಿ ಶೂಟಿಂಗ್ ಕಾಪಿ ಮಾಡುವಾಗ ಇದು ಅನುಭವಕ್ಕೆ ಬರುತ್ತದೆ. ಗೇಮ್ ಇಟ್ಟುಕೊಳ್ಳಲು ಕ್ಯೂಎಲ್‌ಸಿ ತೊಂದರೆಯಿಲ್ಲ, ಎಡಿಟಿಂಗ್ ಡ್ರೈವಿಗೆ ಟಿಎಲ್‌ಸಿಯೇ ಇರಲಿ.

ಹೊಂದಿಕೆ ಹೀಗಿರಲಿ: ವಿಂಡೋಸ್, ತಂತ್ರಾಂಶ, ಗೇಮುಗಳಿಗೆ 1 ಟಿಬಿ, ನಡೆಯುತ್ತಿರುವ ಪ್ರಾಜೆಕ್ಟು ಮತ್ತು ಕ್ಯಾಶ್ ಫೈಲಿಗೆ ಬೇರೆ 2 ಟಿಬಿ, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್. ಒಂದೇ ಡ್ರೈವಿಗೆ ಹಣವಿದ್ದರೆ 2 ಟಿಬಿ ಟಿಎಲ್‌ಸಿ ಒಂದನ್ನು ಕೊಂಡು, ಬೋರ್ಡಿನಲ್ಲಿ ಎಸ್‌ಎಸ್‌ಡಿ ಸಿಕ್ಕಿಸುವ ಎರಡನೆಯ ಎಂ.2 ಜಾಗ ಖಾಲಿ ಬಿಡಿ. ಆಮೇಲೆ ಸೇರಿಸಲು ಅತಿ ಸುಲಭವಾದ ಭಾಗ ಇದೇ. ಹಾರ್ಡ್ ಡಿಸ್ಕಿನಲ್ಲಿ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಬಿಟ್ಟು, ಬಿಡಿಬಿಡಿಯಾಗಿ ಬರೆಯುವ ಸಿಎಂಆರ್ ಆರಿಸಿ. ದೊಡ್ಡ ಕಾಪಿಯ ನಡುವೆ ಎಸ್‌ಎಂಆರ್ ಸುಸ್ತಾಗುತ್ತದೆ. ಮುಗಿದ ಕೆಲಸದ ಇನ್ನೊಂದು ಪ್ರತಿ ಯಂತ್ರದಿಂದ ಹೊರಗೆ ಇರಲೇಬೇಕು.

ಮದರ್‌ಬೋರ್ಡ್, ಪವರ್ ಸಪ್ಲೈ, ಕೂಲರ್, ಕ್ಯಾಬಿನೆಟ್

ಬೋರ್ಡು ವೇಗ ಕೊಡುವುದಿಲ್ಲ, ಜಾಗ ಕೊಡುತ್ತದೆ. ಎಎಮ್5ಗೆ ಬಿ650 ಅಥವಾ ಬಿ850 ಚಿಪ್‌ಸೆಟ್ ಸಾಕು. ಎಕ್ಸ್870 ಬೋರ್ಡುಗಳಲ್ಲಿ ಯುಎಸ್‌ಬಿ4 ಕಡ್ಡಾಯವಾಗಿ ಇರುತ್ತದೆ; ವೇಗದ ಹೊರಡ್ರೈವಿನಿಂದಲೇ ಎಡಿಟ್ ಮಾಡುವವರಿಗೆ ಮಾತ್ರ ಅದರ ಬೆಲೆ ದಕ್ಕುತ್ತದೆ. ಮೂರು ವಿಷಯ ಕೈಪಿಡಿಯಲ್ಲಿ ಓದಿಯೇ ಕೊಳ್ಳಿ. ಎಂ.2 ಜಾಗ ಎಷ್ಟು, ಮತ್ತು ಅವುಗಳಲ್ಲಿ ಯಾವುದು ತುಂಬಿದರೆ ಯಾವ ಸಾಟಾ ಪೋರ್ಟ್ ಸಾಯುತ್ತದೆ, ಗ್ರಾಫಿಕ್ಸ್ ಜಾಗ ಅರ್ಧವಾಗುತ್ತದೆಯೇ? ಹಿಂಬದಿಯ ಯುಎಸ್‌ಬಿ ಎಷ್ಟು? ಪ್ರೊಸೆಸರ್ ಇಲ್ಲದೆಯೇ ಬಯಾಸ್ ಬದಲಿಸುವ ಫ್ಲಾಶ್‌ಬ್ಯಾಕ್ ಬಟನ್ ಇದೆಯೇ? ಬೋರ್ಡಿಗಿಂತ ಹೊಸ ಪ್ರೊಸೆಸರ್ ಹಾಕುವಾಗ ಈ ಬಟನ್ ಕಾಪಾಡುತ್ತದೆ. ಎಎಮ್5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲವಿದೆ ಎಂದು ಎಎಮ್‌ಡಿ ಹೇಳಿದೆ. ಈಗ 6 ಕೋರ್ ಹಾಕಿ ಮುಂದೆ 12ಕ್ಕೆ ಏರುವ ಯೋಜನೆಯಿದ್ದರೆ, ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇರುವ ಬೋರ್ಡನ್ನೇ ಆರಿಸಿ.

ಪವರ್ ಸಪ್ಲೈಗೆ ಲೆಕ್ಕ ಸರಳ. ಆರ್‌ಟಿಎಕ್ಸ್ 5070ಗೆ 250 ವ್ಯಾಟ್, 9900ಎಕ್ಸ್ ಪೂರ್ತಿ ದುಡಿದಾಗ 162, ಮಿಕ್ಕದ್ದಕ್ಕೆ 75: ಒಟ್ಟು 487. ಇದಕ್ಕೆ 650 ಸಾಕು, 750 ಇದ್ದರೆ ಫ್ಯಾನ್ ಸದ್ದೂ ಕಡಿಮೆ. ಆರ್‌ಎಕ್ಸ್ 9070 ಎಕ್ಸ್‌ಟಿ (304) ಜೊತೆಗೆ 14700ಕೆ (253) ಆದರೆ 632. ಅಲ್ಲಿ 850ಕ್ಕೆ ಹೋಗಿ. ಕಾರ್ಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ಅಂಕೆಗಿಂತ ಎಷ್ಟೋ ಹೆಚ್ಚು ಎಳೆಯುತ್ತವೆ, ಎಟಿಎಕ್ಸ್ 3.0 ಮತ್ತು 3.1 ಮಟ್ಟದ ಸಪ್ಲೈಗಳು ಅದನ್ನು ತಾಳುವಂತೆ ರೂಪಿಸಿದವು. 80 ಪ್ಲಸ್ ಗೋಲ್ಡ್ ಎಂಬ ಮುದ್ರೆ ವಿದ್ಯುತ್ ಪೋಲಾಗದಿರುವುದರ ಅಳತೆಯೇ ಹೊರತು ಗಟ್ಟಿತನದ್ದಲ್ಲ, ವಾರಂಟಿ ಎಷ್ಟು ವರ್ಷ ಎಂದೂ ನೋಡಿ. ಎಡಿಟಿಂಗ್ ಎಂದರೆ ಗಂಟೆಗಟ್ಟಲೆ ಪೂರ್ಣ ಹೊರೆ. ಈ ಭಾಗದಲ್ಲಿ ಉಳಿಸಲು ಹೋಗಿ ಉಳಿದ ಭಾಗಗಳನ್ನೆಲ್ಲ ಕಳೆದುಕೊಂಡೀರಿ.

ಕೂಲರ್ ವಿಷಯದಲ್ಲಿ, 9800ಎಕ್ಸ್3ಡಿವರೆಗೆ ಎರಡು ಗೋಪುರದ ಏರ್ ಕೂಲರ್ ಸಾಕು. 14700ಕೆ, 9950ಎಕ್ಸ್‌ಗಳಿಗೆ 360 ಎಂಎಂ ಲಿಕ್ವಿಡ್ ಕೂಲರ್ ಒಳ್ಳೆಯದು. ಏರ್ ಕೂಲರ್ ಕೆಡುವುದಕ್ಕೆ ಫ್ಯಾನ್ ಒಂದೇ ಇದೆ, ಅದನ್ನು ಬದಲಿಸಬಹುದು. ಲಿಕ್ವಿಡ್‌ನಲ್ಲಿ ಪಂಪು ಕೆಟ್ಟರೆ ಇಡೀ ಘಟಕ ಹೋದಂತೆ.

ಕ್ಯಾಬಿನೆಟ್ ಮುಂಭಾಗ ಜಾಲರಿಯದ್ದಿರಲಿ, ಗಾಜಿನದ್ದು ಬೇಡ. ಕಾರ್ಡಿನ ಉದ್ದ, ಕೂಲರಿನ ಎತ್ತರ (ದೊಡ್ಡವು 155ರಿಂದ 168 ಎಂಎಂ) ಹಿಡಿಸುತ್ತದೆಯೇ ಎಂದು ಅಳತೆ ನೋಡಿ.

ಯಾರಿಗೆ ಯಾವ ಜೋಡಣೆ

ಮಾನಿಟರ್ ಬಿಟ್ಟು ಒಟ್ಟು ಹಣದ 35ರಿಂದ 40 ಶೇಕಡಾ ಗ್ರಾಫಿಕ್ಸ್ ಕಾರ್ಡಿಗೆ, 25ರಿಂದ 30 ಪ್ರೊಸೆಸರ್ ಮತ್ತು ಬೋರ್ಡಿಗೆ, 20 ರ‍್ಯಾಮ್ ಮತ್ತು ಸ್ಟೋರೇಜಿಗೆ, ಮಿಕ್ಕದ್ದು ಸಪ್ಲೈ, ಕೂಲರ್, ಕ್ಯಾಬಿನೆಟ್ಟಿಗೆ. ರ‍್ಯಾಮ್ ಬೆಲೆ ಏರಿದ ತಿಂಗಳುಗಳಲ್ಲಿ ಈ ಲೆಕ್ಕ ಸ್ವಲ್ಪ ಜಾರುತ್ತದೆ.

ಬಜೆಟ್ ಬಿಗಿ, ಫೋನಿನ ವಿಡಿಯೋ, 1080ಪಿ ಗೇಮು: 9600ಎಕ್ಸ್, ಆರ್ಕ್ ಬಿ580 ಅಥವಾ ಬಳಸಿದ 3060 12 ಜಿಬಿ, 32 ಜಿಬಿ ರ‍್ಯಾಮ್, 1 ಟಿಬಿ. ಫೋನಿನ ಫೈಲುಗಳಲ್ಲಿ ಫ್ರೇಮ್ ವೇಗ ಏರಿಳಿಯುತ್ತಿರುತ್ತದೆ, ಧ್ವನಿ ಹೊಂದದೆ ಹೋದರೆ ಅದಕ್ಕೆ ಹಾರ್ಡ್‌ವೇರ್ ಕಾರಣವಲ್ಲ. ಎಡಿಟ್ ಮಾಡುವ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮಿಗೆ ಬದಲಿಸಿಕೊಳ್ಳಿ.

ಮಿರರ್‌ಲೆಸ್ ಕ್ಯಾಮೆರಾ, 4:2:2, 1440ಪಿ ಗೇಮು: 265ಕೆ ಅಥವಾ 9900ಎಕ್ಸ್, ಆರ್‌ಟಿಎಕ್ಸ್ 5070, 64 ಜಿಬಿ, ಎರಡು ಡ್ರೈವ್. 265ಕೆ ಆದರೆ 9070 ಕಾರ್ಡಿಗೂ ಬಾಗಿಲು ತೆರೆದಿರುತ್ತದೆ, ಡಿಕೋಡನ್ನು ಕ್ವಿಕ್ ಸಿಂಕ್ ನೋಡಿಕೊಳ್ಳುತ್ತದೆ.

ಗೇಮೇ ಮುಖ್ಯ, ಅದರ ಕ್ಲಿಪ್ ಕತ್ತರಿಸಿ ಹಾಕುವುದಷ್ಟೇ ಎಡಿಟಿಂಗ್: 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿ, 9070 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5070 ಟಿಐ, 32 ಜಿಬಿ.

ಕೈಯಲ್ಲಿರುವ ಹಣ ಇವುಗಳಲ್ಲಿ ಯಾವುದಕ್ಕೂ ಸಾಲದಿದ್ದರೆ ಸಪ್ಲೈ ಮತ್ತು ಬೋರ್ಡನ್ನು ಇಳಿಸಬೇಡಿ, ಪ್ರೊಸೆಸರನ್ನು ಇಳಿಸಿ, ಭಾರದ ಫೈಲಿಗೆ ಪ್ರಾಕ್ಸಿ (ಎಡಿಟಿಂಗಿಗೆಂದು ಮಾಡುವ ಹಗುರ ನಕಲು) ಮಾಡಿಕೊಳ್ಳಿ. 1080ಪಿ ಪ್ರಾಕ್ಸಿಯಲ್ಲಿ 6 ಕೋರಿನ ಯಂತ್ರವೂ 4ಕೆ ಕೆಲಸ ಮುಗಿಸುತ್ತದೆ.

ಜೋಡಿಸುವಾಗ ಕೆಡುವುದು ಎಲ್ಲಿ

ಎಎಮ್‌ಡಿ, ಇಂಟೆಲ್ ಎರಡರ ಈಗಿನ ಸಾಕೆಟ್ಟುಗಳಲ್ಲೂ ಪಿನ್ನು ಬೋರ್ಡಿನ ಮೇಲಿವೆ. ಪ್ರೊಸೆಸರನ್ನು ನೇರವಾಗಿ ಇಳಿಸಿ, ಒತ್ತಬೇಡಿ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆತರೆ ನಿಮಿಷದೊಳಗೆ ಉಷ್ಣತೆ ಮಿತಿ ಮುಟ್ಟುತ್ತದೆ. ಎರಡು ಕಡ್ಡಿ ರ‍್ಯಾಮ್ ಪ್ರೊಸೆಸರಿನಿಂದ ಎಣಿಸಿದಾಗ 2 ಮತ್ತು 4ನೇ ಜಾಗಕ್ಕೆ. ಬೋರ್ಡಿನ ಮೇಲ್ತುದಿಯ 8 ಪಿನ್ ಸಿಪಿಯು ತಂತಿ, ಕಾರ್ಡಿನ 8 ಪಿನ್ ತಂತಿ ಬೇರೆ ಬೇರೆ, ಬಲವಂತ ಮಾಡಬೇಡಿ. ಮಾಡ್ಯುಲರ್ ಸಪ್ಲೈ ಬದಲಿಸಿದಾಗ ಹಳೆಯದರ ತಂತಿ ಹೊಸದಕ್ಕೆ ಹಾಕಿದರೆ ಡ್ರೈವುಗಳು ಸುಟ್ಟುಹೋಗಬಹುದು. 12 ವೋಲ್ಟಿನ 16 ಪಿನ್ ಕನೆಕ್ಟರ್ ಕೊನೆಯವರೆಗೆ ಕೂರಬೇಕು, ಬುಡದಲ್ಲೇ ಬಾಗಿಸಬಾರದು. ಅರ್ಧ ಕೂತರೆ ಕಾದು ಕರಗುತ್ತದೆ.

ಕ್ಯಾಬಿನೆಟ್ಟಿಗೆ ಇಳಿಸುವ ಮೊದಲು ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ರ‍್ಯಾಮ್, ಸಪ್ಲೈ ಇಷ್ಟರಲ್ಲೇ ಒಮ್ಮೆ ಶುರು ಮಾಡಿ. ಎಎಮ್5 ಬೋರ್ಡು ಮೊದಲ ಸಲ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಆರಿಸಬೇಡಿ, ಕನಿಷ್ಠ 15 ನಿಮಿಷ ಕಾಯಿರಿ. ಕ್ಯಾಬಿನೆಟ್ಟಿಗೆ ಕೂರಿಸಿದ ಮೇಲೆ ಮಾನಿಟರ್ ತಂತಿ ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಬೋರ್ಡಿಗಲ್ಲ.

ಬಯಾಸಿನಲ್ಲಿ ಎಕ್ಸ್‌ಪೋ ಅಥವಾ ಇಂಟೆಲ್‌ನ ಎಕ್ಸ್‌ಎಂಪಿ ತೆರೆಯದೆ ಬಿಟ್ಟರೆ 6000ದ ರ‍್ಯಾಮ್ 4800ರಲ್ಲೇ ತೆವಳುತ್ತಿರುತ್ತದೆ. ರೀಸೈಜಬಲ್ ಬಾರ್ ಕೂಡ ಅಲ್ಲೇ. ವಿಂಡೋಸ್ ಬಂದ ಮೇಲೆ 144 ಹರ್ಟ್ಸ್ ಮಾನಿಟರ್ 60ರಲ್ಲಿ ಕೂತಿರಬಹುದು, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಬದಲಿಸಿ.

ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಪರೀಕ್ಷೆ ಮುಗಿಸಿ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ಬಂದರೂ ಎಕ್ಸ್‌ಪೋ ಮುಚ್ಚಿ ಮತ್ತೆ ಓಡಿಸಿ, ಆಗಲೂ ಬಂದರೆ ರ‍್ಯಾಮ್ ಹಿಂದಿರುಗಿಸಿ. ನಿಮ್ಮದೇ ಒಂದು ಪ್ರಾಜೆಕ್ಟನ್ನು ಒಂದು ಗಂಟೆ ಎಕ್ಸ್‌ಪೋರ್ಟಿಗೆ ಹಾಕಿ, ಆಮೇಲೆ ಒಂದು ಗಂಟೆ ಭಾರದ ಗೇಮ್ ಆಡಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಉಷ್ಣತೆ ನೋಡುತ್ತಿರಿ. ರೈಜೆನ್ 9000ದ ಸಾಮಾನ್ಯ ಚಿಪ್ಪು 95 ಡಿಗ್ರಿ ಮುಟ್ಟಿ ವೇಗ ಇಳಿಸಿದರೆ ಕೂಲರ್ ಸರಿಯಾಗಿ ಕೂತಿಲ್ಲ ಅಥವಾ ಸಾಲದು. ಗೇಮಿನ ನಡುವೆ ಎಚ್ಚರಿಕೆಯೇ ಇಲ್ಲದೆ ಯಂತ್ರ ಪೂರ್ತಿ ಆರಿಹೋದರೆ ಮೊದಲು ಕಾರ್ಡಿನ ಪವರ್ ಕನೆಕ್ಟರ್, ಆಮೇಲೆ ಸಪ್ಲೈ ನೋಡಿ. ಪರದೆ ಮಾತ್ರ ಕಪ್ಪಾಗಿ ಫ್ಯಾನು ತಿರುಗುತ್ತಿದ್ದರೆ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ. ಮತ್ತೆ ಹಾಗೆಯೇ ಆದರೆ ಕಾರ್ಡನ್ನೇ ಬದಲಿಸಿಕೊಳ್ಳಿ.